ಮನೆತನದ ಕೆಮ್ಮು

ಜೂನ್ 9

ಪ್ರೀತಿಯ ಮಗಳಿಗೆ,

ನಿನ್ನ ಮಗಳು ಕ್ಷೇಮವಾಗಿ ಬಂದು ಸೇರಿದ್ದಾಳೆ. ಸೇರಿದ ಹತ್ತೇ ನಿಮಿಷಕ್ಕೆ ನನ್ನ ಗಡಿಯಾರದ ಅಂಗಡಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿದ್ದಾಳೆ. ಅಳಿಯಂದಿರು ಪೆಟ್ಟಿಗೆ ಇಳಿಸಿ, ಟೀ ಕುಡಿದು, ಸಂಜೆಯ ಬಸ್ಸಿಗೇ ಹೊರಟರು. ಕ್ರೇನ್ ನಡೆಸುವವರು ತಾನೇ, ಮಾತನ್ನೂ ಹಾಗೆಯೇ ನಿಧಾನಕ್ಕೆ ಒಂದೊಂದಾಗಿ ಎತ್ತಿ ಇಡುತ್ತಾರೆ. ಹೋಗುವಾಗ ಇಷ್ಟು ಹೇಳಿದರು: "ಸೇತುವೆ ಸೈಟಿನ ಧೂಳು ಇವಳಿಗೆ ಆಗ್ತಿಲ್ಲ ಮಾವ. ನಿಮ್ಮ ಹತ್ರ ಒಂದು ವರ್ಷ ಇದ್ರೆ ಎದೆ ಸರಿಹೋಗುತ್ತೆ."

ಸರಿಹೋಗದೆ ಏನು? ಇಲ್ಲಿ ಸಿಮೆಂಟಿಲ್ಲ, ಜಲ್ಲಿಯಿಲ್ಲ. ನನ್ನ ಕೆಲಸದ ಕೋಣೆಗಿಂತ ಶುಚಿಯಾದ ಜಾಗ ಈ ಬೀದಿಯಲ್ಲೇ ಇಲ್ಲ. ಫ್ಯಾನ್ ಹಾಕಿದರೆ ಎಳ್ಳಿಗಿಂತ ಚಿಕ್ಕ ಸ್ಕ್ರೂ ಹಾರಿಹೋಗುತ್ತದೆ, ಕಿಟಕಿ ತೆರೆದರೆ ಧೂಳು ಬಂದು ಎಣ್ಣೆಯ ಮೇಲೆ ಕೂರುತ್ತದೆ, ಆದ್ದರಿಂದ ಎರಡಕ್ಕೂ ಇಲ್ಲಿ ಪ್ರವೇಶವಿಲ್ಲ. ಒಳಕೋಣೆಯಲ್ಲಿ ಒಬ್ಬಳೇ ಮಲಗಲು ಹೆದರಿದಳು, ಅದಕ್ಕೆ ಅವಳ ಮಂಚವನ್ನೂ ಇದೇ ಕೋಣೆಯ ಮೂಲೆಗೆ ತಂದಿದ್ದೇನೆ. ಮಂಚದ ಮೇಲಿನ ಗೋಡೆಗೆ ನಿನ್ನ ಅಮ್ಮ ಇಷ್ಟಪಡುತ್ತಿದ್ದ ಲೋಲಕದ ಗಡಿಯಾರ. ನಿನ್ನೆ ಅದನ್ನು ಪೂರ್ತಿ ಬಿಚ್ಚಿ, ತೊಳೆದು, ಹೊಸ ಎಣ್ಣೆ ಕೊಟ್ಟೆ. ಇನ್ನು ಐದು ವರ್ಷ ಅದರ ಕಡೆ ತಿರುಗಿ ನೋಡಬೇಕಾಗಿಲ್ಲ.

ಒಂದು ಕಡೆ ನಿಲ್ಲದ ಈ ಏಳು ವರ್ಷದ ಜೀವಕ್ಕೆ 'ಸೆಕೆಂಡು ಮುಳ್ಳು' ಎಂದು ಹೆಸರಿಟ್ಟಿದ್ದೇನೆ. ಈಗಾಗಲೇ ಸವೆದು ಬರೀ 'ಸೆಕೆಂಡು' ಆಗಿದೆ. ಕರೆದರೆ ಓಗೊಡುತ್ತಾಳೆ. ನನ್ನ ಬೆಕ್ಕು ನನ್ನನ್ನು ಬಿಟ್ಟು ಅವಳ ಕಾಲ ಬಳಿ ಮಲಗುತ್ತದೆ.

ನಿನಗೆ ಕೊಟ್ಟ ಮಾತು ನೆನಪಿದೆ. ಸಿಗರೇಟು ಮಹಡಿಯ ಮೇಲೆ ಮಾತ್ರ, ದಿನಕ್ಕೆ ನಾಲ್ಕು. ಮಗಳಿಗೆ ಹೆದರಿ ಮೆಟ್ಟಿಲು ಹತ್ತುವ ಮುದುಕ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ನಿನ್ನ ಅಪ್ಪ


ಜೂನ್ 22

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ನಕ್ಷೆಯ ಮೇಜಿನ ಮೇಲೆ ಪಿನ್ನು ಚುಚ್ಚಿ ಇಟ್ಟುಕೊಂಡಿದ್ದೇನೆ. ತಗಡಿನ ಶೆಡ್ಡಿನಲ್ಲಿ ಕೂತು ಏಳನೆಯ ಕಂಬದ ನಕ್ಷೆ ಬರೆಯುತ್ತಿದ್ದೇನೆ. ನಡುನಡುವೆ 'ಸೆಕೆಂಡು' ಎಂದು ಒಬ್ಬಳೇ ಹೇಳಿಕೊಂಡು ನಗುತ್ತೇನೆ. ಪಕ್ಕದ ಮೇಜಿನವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿದ್ದಾರೆ.

ಸೈಟಿನ ಆಫೀಸಿನಲ್ಲಿ ಫೋನಿದೆ, ಆದರೆ ಇಪ್ಪತ್ತು ಜನ ಕೇಳಿಸಿಕೊಳ್ಳುವಾಗ "ಮಗಳೇ ಊಟ ಮಾಡಿದ್ಯಾ" ಎಂದು ಕಿರುಚಲು ನನ್ನಿಂದಾಗದು. ಕಾಗದವೇ ವಾಸಿ. ಅವಳನ್ನು ಬಿಟ್ಟಿರುವುದು ಕಷ್ಟವೇ. ಆದರೆ ಇಲ್ಲಿ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಮೂರು ವರ್ಷದವಳಿದ್ದಾಗಿನಿಂದ ಆ ಗಾಳಿಯಲ್ಲೇ ಬೆಳೆಸಿದೆವಲ್ಲ.

ಅವಳ ಕೆಮ್ಮು ನಮ್ಮ ಕಡೆಯಿಂದಲೇ ಬಂದಿರಬೇಕು ಅಲ್ಲವೇ? ಅಮ್ಮನಿಗಿತ್ತು, ನನಗೂ ಇತ್ತು. "ಇದು ನಮ್ಮ ಮನೆತನದ ಕೆಮ್ಮು, ಹೆಮ್ಮೆಯಿಂದ ಕೆಮ್ಮು" ಎಂದು ನೀವು ತಮಾಷೆ ಮಾಡುತ್ತಿದ್ದಿರಿ. ನನ್ನದು ಮದುವೆಯಾಗಿ ಊರು ಬಿಟ್ಟ ವರ್ಷ ತಾನಾಗಿ ಹೋಯಿತು. ನೀರು ಬದಲಾದದ್ದಕ್ಕೆ ಎಂದು ಎಲ್ಲರೂ ಹೇಳಿದರು. ಅವಳದ್ದೂ ಹಾಗೆಯೇ ಹೋಗಲಿ.

ಮತ್ತೆ, ನಾಲ್ಕು ಎಂದರೆ ನಾಲ್ಕೇ. ನನ್ನ ಗೂಢಚಾರಿಣಿ ನಿಮ್ಮ ಮನೆಯಲ್ಲೇ ಇದ್ದಾಳೆ.

ನಿಮ್ಮ ಮಗಳು


ಜುಲೈ 30

ಪ್ರೀತಿಯ ಮಗಳಿಗೆ,

ಕಾಗದ ತಡವಾಯಿತು. ಇಲ್ಲಿ ಮಳೆ ಕೂತುಬಿಟ್ಟಿದೆ. ತೇವಕ್ಕೆ ಊರಿನ ಗಡಿಯಾರಗಳೆಲ್ಲ ಒಟ್ಟಿಗೆ ಜಡ್ಡು ಬಿದ್ದು ನನ್ನ ಬಳಿ ಬಂದಿವೆ. ನನ್ನ ಬಲಮಂಡಿಯೂ ಹಟ ಹಿಡಿದಿದೆ. ಮಹಡಿ ಹತ್ತುವುದನ್ನು ಬಹಳ ಕಡಿಮೆ ಮಾಡಿದ್ದೇನೆ. ನೀನು ಸಂತೋಷಪಡಬಹುದು.

ಸೆಕೆಂಡು ಶಾಲೆಯಲ್ಲಿ ಚೆನ್ನಾಗಿದ್ದಾಳೆ. ಮನೆಗೆ ಬಂದವಳೇ ನನ್ನ ಮೊಣಕೈ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಚಿಮುಟದಲ್ಲಿ ಸ್ಕ್ರೂ ಎತ್ತಿ ಕೊಡುವುದು ನಿನಗಿಂತ ಬೇಗ ಕಲಿತಳು. ಮೊನ್ನೆ ಒಬ್ಬ ಬ್ಯಾಂಕ್ ಗುಮಾಸ್ತರು ಹೆಂಡತಿಯ ಜೊತೆ ಗೋಡೆ ಗಡಿಯಾರ ತಂದಿದ್ದರು. ಹಿಂದಿನ ಮುಚ್ಚಳ ತೆಗೆದೆ, ಒಳಗೆಲ್ಲ ಕಂದು ಅಂಟು. ನನ್ನ ಯಾವತ್ತಿನ ಪ್ರಶ್ನೆ ಕೇಳಿದೆ: "ಮನೇಲಿ ಸೇದೋರು ಯಾರು?" ಗುಮಾಸ್ತರ ಮುಖ ಕೆಂಪಾಯಿತು. ಹೆಂಡತಿಗೆ ಬಿಟ್ಟೆ ಎಂದು ಹೇಳಿದ್ದರಂತೆ! ಅವರು ಹೋದ ಮೇಲೆ ಸೆಕೆಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗಡಿಯಾರ ಚಾಡಿ ಹೇಳಿಬಿಡ್ತು ತಾತ!" ಎಂದಳು.

ಕೆಮ್ಮು ಮಾತ್ರ ಇನ್ನೂ ಬಿಟ್ಟಿಲ್ಲ, ಸ್ವಲ್ಪ ಜಾಸ್ತಿಯೇ ಆಗಿದೆ. ಮಾತ್ರೆ ಅಂಗಡಿಯವನು ಸಿರಪ್ ಕೊಟ್ಟಿದ್ದಾನೆ. ಬೆಕ್ಕಿನ ಕೂದಲು ಇರಬಹುದೆಂದು ಬೆಕ್ಕನ್ನು ಬೀದಿ ಕೊನೆಯ ದರ್ಜಿಗೆ ಕೊಟ್ಟೆ. ಎರಡು ದಿನ ಅತ್ತಳು. ತಂಡಿಗಾಳಿ ಬರಬಾರದೆಂದು ಕಿಟಕಿಯ ಸಂದುಗಳಿಗೆಲ್ಲ ಕಾಗದ ಅಂಟಿಸಿದ್ದೇನೆ. ನಾಲ್ಕು ವರ್ಷ ಒಳಗೆ ಹೋದ ಧೂಳು ಒಂದು ಮಳೆಗಾಲಕ್ಕೆ ಹೊರಬರುತ್ತದೆಯೇ? ನಿಧಾನವಾಗಿ ಬರುತ್ತದೆ. ನೀನು ಕೊರಗಬೇಡ.

ನಿನ್ನ ಅಪ್ಪ


ಆಗಸ್ಟ್ 18

ಪ್ರೀತಿಯ ಅಪ್ಪನಿಗೆ,

ಬೆಕ್ಕನ್ನೂ ಬಿಟ್ಟುಕೊಟ್ಟಿರಾ? ಅದು ನಿಮ್ಮ ತೊಡೆಯ ಮೇಲೆ ಹನ್ನೊಂದು ವರ್ಷ ಮಲಗಿದ ಬೆಕ್ಕು. ಓದಿ ಕಣ್ಣು ತುಂಬಿತು. ನಾವು ಮಾಡಿದ ಅನಾಹುತಕ್ಕೆ ನೀವು ಏನೇನೆಲ್ಲ ಬಿಡಬೇಕಾಯಿತು. ಮಹಡಿ ಹತ್ತುವುದನ್ನು ಕಡಿಮೆ ಮಾಡಿದ ಸಾಲನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. "ಮಾವ ಗಟ್ಟಿ ಮನುಷ್ಯ" ಎಂದರು. ಇವರ ಬಾಯಲ್ಲಿ ಇದು ದೊಡ್ಡ ಭಾಷಣ.

ಒಂದು ವಿಷಯ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅವಳು ಚಿಕ್ಕವಳಿದ್ದಾಗ ನೋಡಿಕೊಳ್ಳುವವರು ಸಿಗದ ದಿನ ಶೆಡ್ಡಿಗೇ ಕರೆತರುತ್ತಿದ್ದೆ. ಸಿಮೆಂಟು ಚೀಲಗಳ ಮರೆಯಲ್ಲಿ ಗೋಣಿ ಹಾಸಿ ಮಲಗಿಸುತ್ತಿದ್ದೆ. ಅಲ್ಲಿ ಗದ್ದಲ ಕಡಿಮೆ, ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಎದ್ದಾಗ ರೆಪ್ಪೆಯೆಲ್ಲ ಬೆಳ್ಳಗಿರುತ್ತಿತ್ತು. ನಾವು ಅದನ್ನು ನೋಡಿ ನಗುತ್ತಿದ್ದೆವು ಅಪ್ಪ. ಒಂದು ಫೋಟೋ ಕೂಡ ತೆಗೆದಿದ್ದೇವೆ. ಈಗ ಅದನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ.

ಮಾತ್ರೆ ಅಂಗಡಿಯವನನ್ನು ನಂಬಬೇಡಿ. ಸರಿಯಾದ ಡಾಕ್ಟರಿಗೆ ತೋರಿಸಿ.

ನಿಮ್ಮ ಮಗಳು


ಅಕ್ಟೋಬರ್ 3

ಪ್ರೀತಿಯ ಮಗಳಿಗೆ,

ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡ. ಇದನ್ನು ಬರೆಯುವಾಗ ಸೆಕೆಂಡು ನನ್ನ ಎದುರಿಗೇ ಕೂತು ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಾಳೆ.

ಹೋದ ಗುರುವಾರ ಮಧ್ಯಾಹ್ನ ಆಟದ ಪಿರಿಯಡ್ಡಿನಲ್ಲಿ ಅವಳಿಗೆ ಉಸಿರು ಸಿಕ್ಕಿಕೊಂಡಿತು. ಟೀಚರು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು, ನನಗೆ ಹೇಳಿಕಳಿಸಿದರು. ನಾನು ಹೋದಾಗ ಮೂಗು ಬಾಯಿಗೆ ಮಾಸ್ಕು ಹಾಕಿ ಔಷಧಿಯ ಆವಿ ಕೊಡುತ್ತಿದ್ದರು. ಒಂದೊಂದು ಉಸಿರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು. ನಾನು ಅವಳ ಪಾದ ಹಿಡಿದುಕೊಂಡು ಕೂತೆ. ಬೇರೆ ಏನು ಹಿಡಿಯಬೇಕೆಂದು ತಿಳಿಯಲಿಲ್ಲ.

ಮೂರು ದಿನ ಇಟ್ಟುಕೊಂಡು ಕಳಿಸಿದರು. ಡಾಕ್ಟರಮ್ಮ ಒಳ್ಳೆಯವರು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ತೂಗುಹಾಕಿಕೊಂಡಿರುತ್ತಾರೆ. ಏನೇನೋ ಕೇಳಿದರು, ಹಾಸಿಗೆ ಯಾವುದು, ಒಲೆ ಯಾವುದು, ನಾಯಿ ಬೆಕ್ಕು ಇದೆಯಾ, ಹೀಗೆ. ಸೆಕೆಂಡು ಜಾಣೆ, ಕೆಲವಕ್ಕೆ ತಾನೇ ಉತ್ತರ ಕೊಟ್ಟಳು. ನಾನು ಸೈಟಿನ ಧೂಳಿನ ವಿಷಯ ಹೇಳಿದೆ. ಬರೆದುಕೊಂಡರು. ಔಷಧಿಗಳನ್ನು ತಪ್ಪದೆ ಕೊಡುತ್ತಿದ್ದೇನೆ.

ಆದದ್ದು ಆಯಿತು, ತಪ್ಪು ಯಾರದ್ದೂ ಅಲ್ಲ. ಆಗ ನಿನಗೆ ಗೊತ್ತಿರಲಿಲ್ಲ.

ನಿನ್ನ ಅಪ್ಪ


ಅಕ್ಟೋಬರ್ 12

ಅಪ್ಪಾ,

ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆದಿದ್ದೀರಿ. ಗೊತ್ತಿರಬೇಕಿತ್ತು. ತಾಯಿಗೆ ಗೊತ್ತಿರದೆ ಇನ್ನು ಯಾರಿಗೆ ಗೊತ್ತಿರುತ್ತದೆ?

ಒಂದು ವಾರದಿಂದ ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತಿದ್ದೇನೆ. ತೋಳು ಕೆಂಪಾಗುವವರೆಗೆ ಉಜ್ಜುತ್ತೇನೆ. ಇದೇ ಮೈಗೆ ಅಲ್ಲವೇ ಅವಳನ್ನು ಅಪ್ಪಿಕೊಳ್ಳುತ್ತಿದ್ದದ್ದು. ಶೆಡ್ಡಿನಲ್ಲಿ ಯಾರಾದರೂ "ಮಗು ಹೇಗಿದ್ದಾಳೆ" ಎಂದು ಕೇಳಿದರೆ ಮುಖ ಎತ್ತಲಾಗುವುದಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತು, ಇವಳೇ ಮಾಡಿದ್ದು ಎಂದು.

ತೀರ್ಮಾನ ಮಾಡಿದ್ದೇನೆ. ಕೆಲಸ ಬಿಡುವ ಅರ್ಜಿ ಬರೆದಿಟ್ಟಿದ್ದೇನೆ, ತಿಂಗಳ ಕೊನೆಗೆ ಕೊಡುತ್ತೇನೆ. ನಿಮ್ಮ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಹಲ್ಲುಚಕ್ರದ ಚಿತ್ರ ಬಿಡಿಸಿ ಬಿಡಿಸಿಯೇ ನಾನು ನಕ್ಷೆ ಬರೆಯಲು ಕಲಿತದ್ದು. ಏಳನೆಯ ಕಂಬ ಮೇಲೆದ್ದ ದಿನ ನಿಮ್ಮನ್ನು ಕರೆಸಿ ತೋರಿಸಬೇಕೆಂದಿದ್ದೆ. ಇರಲಿ. ಸೇತುವೆಯನ್ನು ಯಾರು ಬೇಕಾದರೂ ಬರೆಯುತ್ತಾರೆ. ಇನ್ನು ಯಾವ ಕಟ್ಟಡದ ಕೆಲಸಕ್ಕೂ ಹೋಗುವುದಿಲ್ಲ. ಅಲ್ಲಿಗೇ ಬಂದು ನಿಮ್ಮಿಬ್ಬರಿಗೆ ಅಡುಗೆ ಮಾಡಿಕೊಂಡು ಇರುತ್ತೇನೆ.

ನಿಮ್ಮ ಮಗಳು


ತಂತಿ. ಅಕ್ಟೋಬರ್ 19

ಅರ್ಜಿ ಕೊಡಬೇಡ. ತಪ್ಪು ನಿನ್ನದಲ್ಲ. ಕಾಗದ ಬರುತ್ತಿದೆ. ಅಪ್ಪ.


ಅಕ್ಟೋಬರ್ 19

ಮಗಳೇ,

ಮೊದಲು ಆ ಅರ್ಜಿಯನ್ನು ಹರಿದುಹಾಕು. ಹರಿದ ಮೇಲೆ ಮುಂದೆ ಓದು.

ನಿನಗೆ ಕೊಟ್ಟ ಮಾತನ್ನು ನಾನು ಉಳಿಸಿಕೊಂಡದ್ದು ಹನ್ನೊಂದು ದಿನ. ಹನ್ನೆರಡನೆಯ ದಿನ ಮಳೆ ಬಂತು. ಕೈಯಲ್ಲಿ ಅವಸರದ ಕೆಲಸವಿತ್ತು. ಒಂದೇ ಒಂದು ಎಂದು ಮೇಜಿನ ಬಳಿಯೇ ಹಚ್ಚಿದೆ. ಮಹಡಿ ಹತ್ತುವುದನ್ನು ಕಡಿಮೆ ಮಾಡಿದ್ದೇನೆ ಎಂದು ಬರೆದೆನಲ್ಲ, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹಾಗೆ ಬರೆದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ. ನಾಲ್ಕಲ್ಲ, ದಿನಕ್ಕೆ ಒಂದು ಪ್ಯಾಕೆಟ್ಟು. ಕಿಟಕಿ ಮುಚ್ಚಿ, ಸಂದಿಗೆ ಕಾಗದ ಅಂಟಿಸಿ, ಫ್ಯಾನ್ ಆರಿಸಿ, ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು.

ಅವಳು ಮೊದಲ ದಿನವೇ ಹೇಳಿದಳು, "ತಾತ, ಅಮ್ಮಂಗೆ ಹೇಳ್ತೀನಿ." ನಾನು ಅವಳ ಕೈ ಹಿಡಿದು, "ಇದು ನಮ್ಮಿಬ್ಬರ ಗುಟ್ಟು. ಯಾರು ಕೇಳಿದ್ರೂ ಹೇಳಲ್ಲ ಅಂತ ಮಾತು ಕೊಡು" ಎಂದೆ. ಕೊಟ್ಟಳು. ಪ್ರತಿ ಭಾನುವಾರ ಅಂಗಡಿಯ ಗಡಿಯಾರಗಳಿಗೆಲ್ಲ ಕೀ ಕೊಡುವ ಅಧಿಕಾರ ನಿನ್ನದು ಎಂದು ಆಸೆ ಹುಟ್ಟಿಸಿದೆ. ಆಮೇಲೆ ಮೆಟ್ಟಿಲ ಮೇಲೆ ಯಾರದ್ದಾದರೂ ಹೆಜ್ಜೆ ಕೇಳಿಸಿದರೆ ಸಾಕು, ಲೆಕ್ಕದ ನೋಟ್‌ಬುಕ್ಕು ಎತ್ತಿಕೊಂಡು ಹೊಗೆಯನ್ನು ಬೀಸಿ ಚದುರಿಸುತ್ತಿದ್ದಳು. ಕೆಮ್ಮುತ್ತಾ ಬೀಸುತ್ತಿದ್ದಳು. ನಾನು ಅದನ್ನು ನೋಡಿ ನಗುತ್ತಿದ್ದೆ. ನೀವು ಬಿಳಿ ರೆಪ್ಪೆ ನೋಡಿ ನಕ್ಕಿರಿ ಎಂದು ನೀನು ಬರೆದಿದ್ದೆ. ನಿಮಗೆ ಅದರ ಅರ್ಥ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಒಂದು ಪ್ರಶ್ನೆಯನ್ನು ನಿನಗೆ ಬರೆಯಲಿಲ್ಲ. "ಮನೇಲಿ ಯಾರಾದ್ರೂ ಸೇದ್ತಾರಾ?" ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸೆಕೆಂಡು ಮಾಸ್ಕನ್ನು ಕೈಯಲ್ಲಿ ಪಕ್ಕಕ್ಕೆ ಸರಿಸಿದಳು. "ಇಲ್ಲ ಡಾಕ್ಟ್ರೇ. ನಮ್ಮನೇಲಿ ಯಾರೂ ಸೇದಲ್ಲ." ಅಷ್ಟು ಹೇಳಲು ಅವಳಿಗೆ ಮೂರು ಉಸಿರು ಬೇಕಾಯಿತು. ಹೇಳಿ ನನ್ನ ಮುಖ ನೋಡಿದಳು, ಸರಿಯಾಗಿ ಹೇಳಿದೆನಾ ಎಂದು. ನಾನು ತಲೆಯಾಡಿಸಿದೆ, ಭೇಷ್ ಎನ್ನುವ ಹಾಗೆ. ಪ್ಯಾಕೆಟ್ಟು ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಹತ್ತು ನಿಮಿಷದ ಮೇಲೆ ಹೊರಗೆ ಹೋಗಿ ಆಸ್ಪತ್ರೆಯ ಗೋಡೆಗೆ ಒರಗಿ ಒಂದು ಸೇದಿದೆ ಕೂಡ.

ಅಲ್ಲಿಗೂ ನನಗೆ ಬುದ್ಧಿ ಬರಲಿಲ್ಲ. ನಿನ್ನೆ ನಿನ್ನ ಕಾಗದ ಬಂತು. ಓದಿ ತಲೆ ಎತ್ತಿದರೆ ಅವಳ ಮಂಚದ ಮೇಲಿನ ಗಡಿಯಾರ ಹದಿನೈದು ನಿಮಿಷ ಹಿಂದಿತ್ತು. ಐದು ವರ್ಷ ನೋಡಬೇಕಾಗಿಲ್ಲ ಎಂದು ಕೊಚ್ಚಿಕೊಂಡ ಗಡಿಯಾರ. ಇಳಿಸಿ ಬಿಚ್ಚಿದೆ. ಗಾಜಿನ ಒಳಗಡೆ ಹಳದಿ. ಎಣ್ಣೆ ಕಂದಾಗಿ ಅಂಟುತ್ತಿತ್ತು. ನಲವತ್ತು ವರ್ಷದಿಂದ ಎಂಥೆಂಥವರನ್ನೋ ಕೇಳಿ ನಾಚಿಸಿದ ಪ್ರಶ್ನೆ ನನ್ನ ಬಾಯಿಗೆ ಬಂತು, ಕೋಣೆಯಲ್ಲಿ ಉತ್ತರ ಕೊಡಲು ನಾನೊಬ್ಬನೇ ಇದ್ದೆ. ನಾಲ್ಕು ತಿಂಗಳಿಗೆ ಹಿತ್ತಾಳೆಗೆ ಇಷ್ಟು ಹತ್ತಿದ್ದರೆ, ಅದರ ಕೆಳಗೆ ಮಲಗಿದ ಮಗುವಿಗೆ ಎಷ್ಟು ಹತ್ತಿರಬೇಕು?

ನನಗೆ ಗೊತ್ತಿರಲಿಲ್ಲ ಎಂದು ಬರೆಯೋಣವೆಂದುಕೊಂಡೆ. ಅದೂ ಸುಳ್ಳಾಗುತ್ತದೆ. ನನ್ನ ಕಸುಬಿಗೆ ಗೊತ್ತಿತ್ತು. ಹೊಗೆ ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ಈ ಊರಿನಲ್ಲಿ ನನ್ನಷ್ಟು ಬಲ್ಲವರು ಯಾರೂ ಇಲ್ಲ. ಗಡಿಯಾರ ಬಿಚ್ಚುವವರೆಗೆ ಅದನ್ನು ಮಗುವಿನ ಎದೆಗೆ ಹೊಂದಿಸಿ ನೋಡುವ ಮನಸ್ಸು ಮಾಡಲಿಲ್ಲ, ಅಷ್ಟೇ. ತಪ್ಪನ್ನು ಧೂಳಿನ ಮೇಲೆ ಹಾಕಿದೆ, ಬೆಕ್ಕಿನ ಮೇಲೆ ಹಾಕಿದೆ, ಕೊನೆಗೆ ನಿನ್ನ ಮೇಲೆ ಹಾಕಿದೆ. ನೀನು ತೋಳು ಉಜ್ಜಿಕೊಳ್ಳುವುದನ್ನು ಓದಿ ನಾನು ಮುಖ ಮುಚ್ಚಿಕೊಂಡೆ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಚೀಟಿಯಲ್ಲಿ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದರು. "ಮೊದಲು ಮಗೂನ ಆ ಕೋಣೆಯಿಂದ ಹೊರಗೆ ಕಳಿಸಿ" ಎಂದರು, ಅಷ್ಟೇ. ಅವಳು ಎದುರುಮನೆಯ ಟೀಚರ ಬಳಿ ಇದ್ದಾಳೆ. ಬಂದು ಕರೆದುಕೊಂಡು ಹೋಗಿ.

ಅಪ್ಪ


ಡಿಸೆಂಬರ್ 2

ಕಾಗದ ತಲುಪಿತ್ತು. ಇವರು ಬಂದು ಮಗುವನ್ನು ಕರೆತಂದದ್ದು ನಿಮಗೆ ಗೊತ್ತೇ ಇದೆ. ಬಂದಾಗ ನಿಮ್ಮನ್ನು ಮಾತಾಡಿಸಲಿಲ್ಲವೆಂದು ಟೀಚರು ಬರೆದಿದ್ದರು. ಮನೆಗೆ ಬಂದ ಮೇಲೂ ನಿಮ್ಮ ವಿಷಯ ಎತ್ತಿಲ್ಲ. ಕ್ರೇನಿಗೂ ಎತ್ತಲಾಗದ ಭಾರ ಇರುತ್ತದೆ.

ಸೈಟಿನಿಂದ ದೂರ, ಊರೊಳಗೆ ಮನೆ ಮಾಡಿದ್ದೇವೆ. ನಾವು ಬಟ್ಟೆ ಬದಲಾಯಿಸಿಕೊಂಡೇ ಮನೆಗೆ ಬರುತ್ತೇವೆ. ಇಲ್ಲಿನ ಡಾಕ್ಟರು ಧೂಳೂ ಒಳ್ಳೆಯದಲ್ಲ ಎಂದರು, ಆದ್ದರಿಂದ ನಾನು ಪೂರ್ತಿ ಬಚಾವಾಗಿಲ್ಲ. ಆದರೆ ಐದು ವಾರದಿಂದ ಅವಳಿಗೆ ಉಸಿರು ಕಟ್ಟಿಲ್ಲ. ಕೆಮ್ಮು ಅರ್ಧಕ್ಕಿಂತ ಕಡಿಮೆಯಾಗಿದೆ. ಓಡಿದರೆ ಮಾತ್ರ ಇನ್ನೂ ಸುಯ್ ಎನ್ನುತ್ತದೆ. ಅದು ಪೂರ್ತಿ ಹೋಗುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ.

ನನ್ನ ಕೆಮ್ಮು ಹೋದದ್ದು ನೀರು ಬದಲಾದದ್ದಕ್ಕಲ್ಲ. ಇದು ನಿಮಗೆ ಯಾವಾಗ ಹೊಳೆಯಿತೋ ನನಗೆ ತಿಳಿಯದು. ನನಗೆ ನಿಮ್ಮ ಕಾಗದ ಮಡಿಸುವಾಗ ಹೊಳೆಯಿತು. ನಮ್ಮ ಮನೆತನದಲ್ಲಿ ಕೆಮ್ಮು ಇರಲೇ ಇಲ್ಲ. ಅಮ್ಮ ಆ ಕೋಣೆಯಲ್ಲೇ ಕೂತು ನಿಮ್ಮ ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋಗುತ್ತಿದ್ದಳು. "ನನ್ನ ಕೆಮ್ಮಿಗೆ ನಿಮ್ಮ ಕೈ ಅಲುಗುತ್ತೆ, ಕ್ಷಮಿಸಿ" ಎನ್ನುತ್ತಿದ್ದಳು. ಕೊನೆಯವರೆಗೂ ನಿಮ್ಮ ಕ್ಷಮೆ ಕೇಳುತ್ತಲೇ ಹೋದಳು.

ನನಗೆ ಸಿಟ್ಟು ಬಂದದ್ದು ಹೊಗೆಗಲ್ಲ. ಅದು ಚಟ, ಬಿಡಲು ಕಷ್ಟ, ಗೊತ್ತು. ಆಗಸ್ಟಿನಲ್ಲಿ ಗೋಣಿಚೀಲದ ವಿಷಯ ಬರೆದೆನಲ್ಲ, ಅದನ್ನು ಓದಿಯೂ ನೀವು ಸುಮ್ಮನಿದ್ದಿರಿ. ಆರು ವಾರ ಸುಮ್ಮನಿದ್ದು, ಆಮೇಲೆ ನನಗೆ ಸಮಾಧಾನ ಹೇಳಿದಿರಿ. ಅದನ್ನು ನುಂಗಿಕೊಳ್ಳಲು ಆಗುತ್ತಿಲ್ಲ.

ಅರ್ಜಿ ಹರಿದುಹಾಕಿದ್ದೇನೆ. ಉತ್ತರ ಬರೆಯಬೇಡಿ ಎನ್ನುವುದಿಲ್ಲ. ಬೇಗ ಬರೆಯಬೇಡಿ.


ಜನವರಿ 20

ಮಗಳೇ,

ಬೇಗ ಬರೆಯಬೇಡಿ ಎಂದಿದ್ದೆ. ಏಳು ವಾರ ಕಾದಿದ್ದೇನೆ. ಕಡಿಮೆಯೆನಿಸಿದರೆ ಇದನ್ನು ತೆರೆಯದೆ ಇಟ್ಟಿರು.

ನಿನ್ನ ಅಮ್ಮನ ಬಗ್ಗೆ ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಅವಳ ಆ ಮಾತನ್ನು ನಾನು ಮರೆತಿದ್ದೆ. ಈಗ ದಿನವೂ ಕೇಳಿಸುತ್ತದೆ. "ಪರವಾಗಿಲ್ಲ ಬಿಡು" ಎಂದು ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದೆ ನಾನು.

ಸಿಗರೇಟು ಬಿಟ್ಟಿದ್ದೇನೆ. ನಡುವೆ ಎರಡು ಸಲ ಸೋತೆ, ಒಮ್ಮೆ ನವೆಂಬರಿನಲ್ಲಿ, ಒಮ್ಮೆ ನಿನ್ನ ಕಾಗದ ಬಂದ ದಿನ. ಆಮೇಲೆ ಇಲ್ಲ. ಕೈ ನಡುಗುತ್ತದೆ, ಸಣ್ಣ ಕೈಗಡಿಯಾರಗಳನ್ನು ಒಪ್ಪಿಕೊಳ್ಳುತ್ತಿಲ್ಲ. ಕಿಟಕಿಯ ಕಾಗದವನ್ನೆಲ್ಲ ಕಿತ್ತು ತೆರೆದಿಟ್ಟಿದ್ದೇನೆ. ಇಲ್ಲಿಯವರೆಗೆ ಏಳು ಸ್ಕ್ರೂ ಗಾಳಿಗೆ ಹಾರಿಹೋಗಿವೆ. ನೆಲದ ಮೇಲೆ ಮಂಡಿಯೂರಿ ಹುಡುಕುತ್ತೇನೆ. ಮಹಡಿ ಹತ್ತಲಾರದ ಮಂಡಿ ಇದಕ್ಕೆ ಬಗ್ಗುತ್ತದೆ ನೋಡು.

ಗೋಡೆ ತೊಳೆಯಲು ನಾಲ್ಕು ದಿನ ಹಿಡಿಯಿತು. ಬಕೆಟ್ಟಿನ ನೀರು ಟೀ ಬಣ್ಣಕ್ಕೆ ತಿರುಗುತ್ತಿತ್ತು. ಅವಳ ಮಂಚದ ಪಕ್ಕದ ಗೋಡೆಯಲ್ಲಿ, ಅವಳು ಬೆನ್ನು ಒರಗಿಸುತ್ತಿದ್ದ ಜಾಗ ಮಾತ್ರ ಬೆಳ್ಳಗಿತ್ತು. ಅಲ್ಲಿಗೆ ಬಂದಾಗ ಒರೆಸುವುದನ್ನು ನಿಲ್ಲಿಸಿ ನೆಲದ ಮೇಲೆ ಕೂತುಬಿಟ್ಟೆ.

ಬೆಕ್ಕು ತೆರೆದ ಕಿಟಕಿಯಿಂದ ತಾನೇ ಬಂದಿದೆ. ಕ್ಷಮೆ ಕೇಳಿದೆ. ಅದು ನನ್ನನ್ನು ದಾಟಿ ಹೋಗಿ ಖಾಲಿ ಮಂಚದ ಮೇಲೆ ಮಲಗಿತು.

ಅವಳನ್ನು ನೋಡಬೇಕೆಂದು ಕೇಳಲು ನನಗೆ ಮುಖವಿಲ್ಲ. ಅದಕ್ಕೇ ಕೇಳುತ್ತಿಲ್ಲ.

ಅಪ್ಪ


ಫೆಬ್ರವರಿ 6

ಅಪ್ಪಾ,

ಏಳನೆಯ ಕಂಬ ಮೇಲೆದ್ದಿದೆ. ನಿಮಗೆ ತಿಳಿಸಬೇಕೆನಿಸಿತು, ಅಷ್ಟೇ. ಇವತ್ತು ಬರೆಯುತ್ತಿರುವ ಕಾರಣ ಬೇರೆ.

ಮೊನ್ನೆ ಶಾಲೆಗೆ ಮಕ್ಕಳ ಆರೋಗ್ಯ ನೋಡಲು ನರ್ಸು ಬಂದಿದ್ದರು. ಒಬ್ಬೊಬ್ಬರನ್ನೂ ಕೇಳುತ್ತಿದ್ದರಂತೆ, ಮನೆಯಲ್ಲಿ ಯಾರಾದರೂ ಸೇದುತ್ತಾರಾ, ಮೊದಲು ಇದ್ದ ಮನೆಯಲ್ಲಿ ಸೇದುತ್ತಿದ್ದರಾ ಎಂದು. ನಾನು ಬಾಗಿಲಲ್ಲೇ ನಿಂತಿದ್ದೆ. ಇವಳು ನೆಟ್ಟಗೆ ನಿಂತು, "ಇಲ್ಲ. ನಮ್ಮ ತಾತ ಸೇದಲ್ಲ" ಎಂದಳು. ತಾತನ ವಿಷಯವನ್ನು ಅವರು ಕೇಳಿಯೇ ಇರಲಿಲ್ಲ.

ಮನೆಗೆ ಬಂದು ಹೇಳಿದೆ, "ಪುಟ್ಟಾ, ಅಮ್ಮಂಗೆ ಎಲ್ಲಾ ಗೊತ್ತು. ತಾತನೇ ಹೇಳಿದಾರೆ. ನೀನು ಇನ್ನು ಮುಚ್ಚಿಡಬೇಕಾಗಿಲ್ಲ." ಅವಳು ನಂಬಲಿಲ್ಲ. ನಾನು ಬಾಯಿಬಿಡಿಸಲು ಹೀಗೆ ಹೇಳುತ್ತಿದ್ದೇನೆ ಎಂದುಕೊಂಡಳು. ನಿಮ್ಮ ಕಾಗದ ತೋರಿಸೋಣವೆಂದರೆ ಅದು ಮಗು ಓದುವ ಕಾಗದವಲ್ಲ. ಕೊನೆಗೆ ಅತ್ತುಬಿಟ್ಟಳು. ಅತ್ತು ಕೆಮ್ಮು ಬಂತು, ಕೆಮ್ಮಿನ ನಡುವೆ ಹೇಳಿದಳು: "ನಾನು ತಾತಂಗೆ ಮಾತು ಕೊಟ್ಟಿದೀನಿ. ನೀನು ಬಿಡ್ಸಕ್ಕಾಗಲ್ಲ. ತಾತನೇ ಬಿಡ್ಸಬೇಕು."

ಅವಳ ಎದೆಯಲ್ಲಿ ಇನ್ನೂ ಏನು ಉಳಿದಿದೆಯೋ, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಇದನ್ನು ನೀವೇ ತೆಗೆಯಬೇಕು. ಅವಳ ಹೆಸರಿಗೇ ಬರೆಯಿರಿ. ದೊಡ್ಡ ಅಕ್ಷರದಲ್ಲಿ, ಅವಳೇ ಓದಿಕೊಳ್ಳುವ ಹಾಗೆ.

ನಿಮ್ಮ ಮಗಳು


ಫೆಬ್ರವರಿ 13

ನನ್ನ ಸೆಕೆಂಡಿಗೆ,

ಇದು ತಾತನೇ ಬರೆದ ಕಾಗದ. ನಂಬಿಕೆ ಬರದಿದ್ದರೆ ಕೆಳಗಿನ ಮೂಲೆ ನೋಡು. ಗಡಿಯಾರದ ಎಣ್ಣೆ ಬಿದ್ದ ಕಲೆ ಇದೆ. ಬೆಕ್ಕು ಚೆನ್ನಾಗಿದೆ. ನಿನ್ನ ಮಂಚ ಬಿಟ್ಟು ಏಳುವುದಿಲ್ಲ.

ನೀನು ನನಗೆ ಒಂದು ಮಾತು ಕೊಟ್ಟಿದ್ದೆ. ಯಾರು ಕೇಳಿದರೂ ಹೇಳುವುದಿಲ್ಲ ಎಂದು. ನೀನು ಅದನ್ನು ಉಳಿಸಿಕೊಂಡೆ. ಡಾಕ್ಟರ ಮುಂದೆ ಉಳಿಸಿಕೊಂಡೆ, ಅಮ್ಮನ ಮುಂದೆ ಉಳಿಸಿಕೊಂಡೆ, ಉಸಿರು ಇಲ್ಲದಿದ್ದಾಗಲೂ ಉಳಿಸಿಕೊಂಡೆ. ನಾನೂ ನಿನ್ನ ಅಮ್ಮನಿಗೆ ಒಂದು ಮಾತು ಕೊಟ್ಟಿದ್ದೆ. ಅರವತ್ತೆಂಟು ವರ್ಷದ ನಾನು ಅದನ್ನು ಹನ್ನೊಂದು ದಿನದ ಆಚೆ ದಾಟಿಸಲಿಲ್ಲ.

ಇವತ್ತು ನಿನ್ನ ಮಾತನ್ನು ನಿನಗೆ ವಾಪಸು ಕೊಡುತ್ತಿದ್ದೇನೆ. ಗುಟ್ಟು ಮುಗಿಯಿತು. ಅದು ಕೆಟ್ಟ ಗುಟ್ಟು. ದೊಡ್ಡವರು ಅಂಥ ಗುಟ್ಟನ್ನು ಮಕ್ಕಳ ಕೈಗೆ ಕೊಡಬಾರದು. ಇನ್ನು ಮುಂದೆ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡ, ಅದು ನಾನೇ ಆಗಿದ್ದರೂ ಸರಿ.

ನಿನಗೆ ಕೆಮ್ಮು ಬಂದದ್ದು ಬೆಕ್ಕಿನಿಂದ ಅಲ್ಲ. ಅಮ್ಮನಿಂದ ಅಲ್ಲ. ನೋಟ್‌ಬುಕ್ಕಿನಲ್ಲಿ ನೀನು ಸರಿಯಾಗಿ ಬೀಸದೆ ಬಂದದ್ದೂ ಅಲ್ಲ. ನೀನು ಒಮ್ಮೆ ಹಾಗೆ ಕೇಳಿದ್ದೆ, ನಾನು ಉತ್ತರ ಕೊಡದೆ ಕೆಲಸ ನೋಡಿಕೊಂಡೆ. ನೀನು ಬಹಳ ಚೆನ್ನಾಗಿ ಬೀಸುತ್ತಿದ್ದೆ ಕಂದ. ನಾನು ಹೊಗೆ ಬಿಡುತ್ತಿದ್ದೆ, ಅದಕ್ಕೆ ಬಂತು.

ಇನ್ನು ಡಾಕ್ಟರು, ನರ್ಸು, ಟೀಚರು ಯಾರು ಕೇಳಿದರೂ ಹೀಗೆ ಹೇಳು. ಮೊದಲು ಅಮ್ಮನ ಮುಂದೆ ನಿಂತು ಒಂದು ಸಲ ಜೋರಾಗಿ ಓದು:

"ನಮ್ಮ ತಾತ ಸೇದ್ತಿದ್ರು. ಕಿಟಕಿ ಮುಚ್ಕೊಂಡು ನನ್ನ ಪಕ್ಕದಲ್ಲೇ ಸೇದ್ತಿದ್ರು. ಯಾರಿಗೂ ಹೇಳಬೇಡ ಅಂದಿದ್ರು."

ಹೀಗೆ ಹೇಳಿದರೆ ತಾತನಿಗೆ ನಾಚಿಕೆ ಆಗಲ್ವಾ ಎಂದು ನೀನು ಕೇಳುತ್ತೀಯ, ನನಗೆ ಗೊತ್ತು. ಆಗುತ್ತದೆ. ಆಗಲಿ. ಆ ನಾಚಿಕೆ ನನ್ನದು, ಅದನ್ನು ಇಷ್ಟು ದಿನ ನಿನ್ನ ಕೈಯಲ್ಲಿ ಹೊರಿಸಿದ್ದೆ. ಈಗ ಕೆಳಗಿಡು.

ಓದಿ ಆದ ಮೇಲೆ ಹೊರಗೆ ಹೋಗಿ ಆಡಿಕೋ. ಓಡುವಾಗ ಸುಯ್ ಅಂದರೆ ನಿಂತು, ಔಷಧಿ ತೆಗೆದುಕೊಂಡು, ಆಮೇಲೆ ಓಡು.

ನಿನ್ನ ತಾತ,
ಸೇದುತ್ತಿದ್ದವನು